ರಬ್ಬರ್ ತೋಟದಿಂದ ನೋಡಿದ ಜಗತ್ತಿನ ಇತಿಹಾಸ

ಕರ್ನಾಟಕದಲ್ಲಿ ಪ್ರಥಮ ಪಿಯುಸಿಗೆ ಇತಿಹಾಸ ಆರಿಸಿಕೊಂಡವರಿಗೆ ಇಡೀ ವರ್ಷ ಜಗತ್ತಿನ ಇತಿಹಾಸವೇ ಪಾಠ. ಭಾರತ ಮತ್ತು ಕರ್ನಾಟಕ ಬರುವುದು ಮರುವರ್ಷ. ಪ್ರಾಚೀನ ನಾಗರಿಕತೆಗಳಿಂದ ಹಿಡಿದು ಮಹಾಯುದ್ಧಗಳವರೆಗೆ ಎಲ್ಲವೂ ಒಂದೇ ಪುಸ್ತಕದಲ್ಲಿ ಮುಗಿಯಬೇಕು. ಪುತ್ತೂರು, ಸುಳ್ಯ, ಕಡಬದ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಗೆ ನೆಪೋಲಿಯನ್ ಬಗ್ಗೆ ಪಠ್ಯಕ್ಕಿಂತ ಒಂದು ಪುಟ ಹೆಚ್ಚು ಓದಬೇಕೆನಿಸಿದರೆ ಕೈ ಹೋಗುವುದು ಮೊಬೈಲಿಗೆ. ಅಲ್ಲಿ ಸಿಗುವ ಬರಹ, ವಿಡಿಯೋಗಳನ್ನೆಲ್ಲ ನಾವು ‘ಮಾಹಿತಿ’ ಎಂದು ಕರೆದು ಸುಮ್ಮನಾಗುತ್ತೇವೆ. ಕಾದಂಬರಿಯನ್ನೋ ಕವನ ಸಂಕಲನವನ್ನೋ ವಿಮರ್ಶೆಗೆ ಒಡ್ಡುವ ನಾವು ಇವನ್ನು ಹಾಗೆ ಒಡ್ಡುವುದಿಲ್ಲ. ಆದರೆ ಇವೂ ಕಥನಗಳೇ. ಹೇಳಿದವರು ಎಲ್ಲಿ ನಿಂತು ಹೇಳಿದರು, ಯಾರನ್ನು ಬಿಟ್ಟುಬಿಟ್ಟರು ಎಂದು ಕೇಳಬೇಕಾಗುತ್ತದೆ.

ಹಾಗೆ ಕೇಳಲು ಒಂದು ಅಳತೆಗೋಲು ಬೇಕು. ಈ ಮೂರು ತಾಲೂಕುಗಳಲ್ಲಿ ಕಣ್ಣಿಗೆ ಬೀಳುವ ರಬ್ಬರ್ ಮರವನ್ನೇ ಅಳತೆಗೋಲು ಮಾಡಿಕೊಳ್ಳೋಣ.

ರಬ್ಬರ್ ಅಮೆಜಾನ್ ಕಾಡಿನ ಮರ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವ ಬ್ರೆಜಿಲಿನಿಂದ ಸುಮಾರು 70 ಸಾವಿರ ಬೀಜಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಸಾಗಿಸಿದ. ಮೊಳೆತದ್ದು ಅದರಲ್ಲೊಂದು ಸಣ್ಣ ಪಾಲು. ಹಾಗೆ ಬಂದ ಸಸಿಗಳಲ್ಲಿ ಬಹುಪಾಲು ಹೋದದ್ದು ಸಿಲೋನಿಗೆ. ಅಲ್ಲಿ ಅದಾಗಲೇ ಕಾಫಿ ತೋಟಗಳಿದ್ದವು. ಅವುಗಳಲ್ಲಿ ದುಡಿಯಲು ಮದ್ರಾಸ್ ಪ್ರೆಸಿಡೆನ್ಸಿಯ ತಮಿಳು ಜಿಲ್ಲೆಗಳಿಂದ ಕಂಗಾಣಿಗಳೆಂಬ ಮೇಸ್ತ್ರಿಗಳ ಮೂಲಕ ಹೋದ ಬಡ ಕೂಲಿಗಳಿದ್ದರು. ಕಾಫಿಗೆ ಎಲೆರೋಗ ಬಂದು ತೋಟಗಳು ನಾಶವಾದ ಮೇಲೆ ಚಹಾ ಬಂತು, ರಬ್ಬರೂ ಬಂತು. ಬೆಳೆ ಬದಲಾಯಿತು, ದುಡಿಯುವವರು ಅವರೇ ಉಳಿದರು. 1948ರಲ್ಲಿ ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷ ಬಂದ ಪೌರತ್ವ ಕಾಯ್ದೆ ಈ ತೋಟದ ತಮಿಳರಲ್ಲಿ ಹೆಚ್ಚಿನವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಪ್ಪಂದಕ್ಕೆ ಸಹಿ ಹಾಕಿದರು: 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ, ಉಳಿದ 1,50,000 ಜನರ ವಿಷಯ ಮುಂದಕ್ಕೆ. ಹಾಗೆ ಭಾರತದ ಪಾಲಿಗೆ ಬಂದವರಲ್ಲಿ ಕೆಲವು ಕುಟುಂಬಗಳಿಗೆ ಆಗಿನ ಸುಳ್ಯ, ಪುತ್ತೂರು ತಾಲೂಕುಗಳ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ, ವಸತಿ ಸಿಕ್ಕಿತು. ಅವರ ಮೊಮ್ಮಕ್ಕಳು ಇವತ್ತು ಇಲ್ಲಿನ ಶಾಲೆ ಕಾಲೇಜುಗಳಲ್ಲಿದ್ದಾರೆ.

ವಸಾಹತುಶಾಹಿ, ವಲಸೆ, ರಾಷ್ಟ್ರ ನಿರ್ಮಾಣ, ಪೌರತ್ವ: ಜಗತ್ತಿನ ಇತಿಹಾಸದ ಪಾಠಗಳೆಲ್ಲ ಈ ಒಂದು ಕಥೆಯೊಳಗಿವೆ. ಆನ್‌ಲೈನ್ ಸಂಪನ್ಮೂಲಗಳು ಈ ಕಥೆಯ ಹತ್ತಿರಕ್ಕೆ ನಮ್ಮನ್ನು ಎಷ್ಟು ದೂರ ಕರೆದೊಯ್ಯುತ್ತವೆ?

ಮೊದಲು ಇಂಗ್ಲಿಷಿನವು. 2012ರಲ್ಲಿ ಶುರುವಾದ ಜಾನ್ ಗ್ರೀನ್ ಅವರ ‘ಕ್ರ್ಯಾಶ್ ಕೋರ್ಸ್’ ಜಗತ್ತಿನ ಇತಿಹಾಸದ ಸರಣಿಯಲ್ಲಿ 42 ಕಂತುಗಳಿವೆ. ರಾಜರ ಪಟ್ಟಿ ಒಪ್ಪಿಸುವ ಬದಲು ಅದು ಸಂಪರ್ಕಗಳ ಬೆನ್ನು ಹತ್ತುತ್ತದೆ. ಹಿಂದೂ ಮಹಾಸಾಗರದ ವ್ಯಾಪಾರಕ್ಕೆ ಒಂದು ಕಂತು, ಕೊಲಂಬಸನ ನಂತರ ಖಂಡಗಳ ನಡುವೆ ಬೆಳೆ, ಪ್ರಾಣಿ, ರೋಗಗಳು ಓಡಾಡಿದ ಬಗೆಗೆ ಇನ್ನೊಂದು ಕಂತು ಮೀಸಲಿದೆ. ನಮ್ಮ ಮೆಣಸಿನಕಾಯಿ, ಗೇರು, ಕೊಕ್ಕೋ ಎಲ್ಲವೂ ಅಮೆರಿಕ ಖಂಡಗಳಿಂದ ಬಂದವು ಎಂದು ಗೊತ್ತಾದ ವಿದ್ಯಾರ್ಥಿಗೆ ಪುತ್ತೂರಿನ ಗೇರು ಸಂಶೋಧನಾ ಸಂಸ್ಥೆಯೂ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆಯೂ ಬೇರೆಯೇ ಕಾಣಬೇಕು. ಆದರೆ ಗ್ರೀನ್ ಮಾತಾಡುವುದು ಅಮೆರಿಕದ ಹೈಸ್ಕೂಲು ಮಕ್ಕಳೊಂದಿಗೆ. ಅವರ ವೇಗ, ಅವರ ತಮಾಷೆ ಎರಡೂ ಆ ಮಕ್ಕಳಿಗೆ ಹೊಂದಿದವು. ನಮ್ಮ ವಿದ್ಯಾರ್ಥಿ ಮೂರು ಸಲ ನಿಲ್ಲಿಸಿ ನೋಡಿದರೂ ಅರ್ಧ ತಪ್ಪಿಹೋಗುತ್ತದೆ.

ಅಮೆರಿಕದ ಫೋರ್ಡ್‌ಹ್ಯಾಮ್ ವಿಶ್ವವಿದ್ಯಾಲಯದ ತಾಣದಲ್ಲಿ ಪಾಲ್ ಹಾಲ್ಸಾಲ್ 1996ರಲ್ಲಿ ಆರಂಭಿಸಿದ ಮೂಲ ದಾಖಲೆಗಳ ಸಂಗ್ರಹ ಇನ್ನೊಂದು ಬಗೆಯದು. ಶಾಸನ, ಪತ್ರ, ಪ್ರವಾಸ ಕಥನ, ಕಾಯ್ದೆಗಳ ಪಠ್ಯ ಅಲ್ಲಿ ನೇರವಾಗಿ ಸಿಗುತ್ತದೆ. ಇತಿಹಾಸಕಾರರು ಯಾವುದನ್ನು ಓದಿ ಇತಿಹಾಸ ಬರೆಯುತ್ತಾರೆ ಎಂಬುದನ್ನು ವಿದ್ಯಾರ್ಥಿ ಕಣ್ಣಾರೆ ನೋಡಬಹುದು. ತೊಡಕೆಂದರೆ ಹಕ್ಕುಸ್ವಾಮ್ಯ ಮುಗಿದ ಹಳೆಯ ಅನುವಾದಗಳೇ ಅಲ್ಲಿ ಹೆಚ್ಚು. ಹತ್ತೊಂಬತ್ತನೇ ಶತಮಾನದ ಆ ಇಂಗ್ಲಿಷನ್ನು ದಾಟಲು ಅಧ್ಯಾಪಕರ ಜೊತೆ ಬೇಕೇ ಬೇಕು. ಇಂಗ್ಲಿಷ್ ವಿಕಿಪೀಡಿಯದಲ್ಲಿ ವಿಕ್‌ಹ್ಯಾಮ್, ಸಿಲೋನಿನ ಪೌರತ್ವ ಕಾಯ್ದೆ, 1964ರ ಒಪ್ಪಂದ ಮೂರಕ್ಕೂ ಬೇರೆ ಬೇರೆ ಪುಟಗಳಿವೆ. ಅವನ್ನು ಒಂದೇ ದಾರದಲ್ಲಿ ಪೋಣಿಸುವ ಕೆಲಸ ಮಾತ್ರ ಓದುವವರ ಪಾಲಿಗೆ ಉಳಿಯುತ್ತದೆ.

ಇನ್ನು ಕನ್ನಡಕ್ಕೆ ಬರೋಣ. ಕನ್ನಡ ವಿಕಿಪೀಡಿಯ 2003ರಿಂದ ಇದೆ. 2009ರ ಹೊತ್ತಿಗೆ ಗೂಗಲ್ ತನ್ನ ಅನುವಾದ ಉಪಕರಣ ಬಳಸಿ, ಹಣ ಕೊಟ್ಟು, ಇಂಗ್ಲಿಷಿನ ಉದ್ದುದ್ದ ಲೇಖನಗಳನ್ನು ಭಾರತೀಯ ಭಾಷೆಗಳಿಗೆ ತರಿಸಿತು, ಕನ್ನಡವೂ ಅದರಲ್ಲಿತ್ತು. ಆ ಲೇಖನಗಳ ವಾಕ್ಯಗಳು ‘ಲ್ಪಟ್ಟಿತು’, ‘ಲ್ಪಟ್ಟವು’ ಎಂದೇ ಮುಗಿಯುತ್ತವೆ. ಮಾಡಿದವರು ಯಾರು, ಅನುಭವಿಸಿದವರು ಯಾರು ಎಂಬುದು ವಾಕ್ಯದ ಗಂಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಇತಿಹಾಸದ ಬರಹಕ್ಕೆ ಇದು ಬರಿಯ ಭಾಷೆಯ ದೋಷವಾಗಿ ನಿಲ್ಲುವುದಿಲ್ಲ. ‘ಕಾರ್ಮಿಕರು ಸಾಗಿಸಲ್ಪಟ್ಟರು’ ಎಂದು ಬರೆದಾಗ ಸಾಗಿಸಿದವರು ತಪ್ಪಿಸಿಕೊಳ್ಳುತ್ತಾರೆ.

ಇದಕ್ಕೆ ಹೋಲಿಸಿದರೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ಹದಿನಾಲ್ಕು ಸಂಪುಟಗಳ ದೊಡ್ಡ ಆಸ್ತಿ. ವಿಷಯ ಬಲ್ಲವರು ಕನ್ನಡದಲ್ಲೇ ಯೋಚಿಸಿ ಬರೆದದ್ದು ಎಂದು ಓದಿದ ಕೂಡಲೇ ತಿಳಿಯುತ್ತದೆ. 2014ರಲ್ಲಿ ಅದನ್ನು ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಲಾಯಿತು. ಈಗ ಅದರ ಲೇಖನಗಳು ಕನ್ನಡ ವಿಕಿಸೋರ್ಸ್‌ನಲ್ಲಿ ಓದಲು ಸಿಗುತ್ತವೆ. ಯಾರು ಬೇಕಾದರೂ ಮೂಲ ಹೇಳಿ ಬಳಸಬಹುದು. ಅದರ ಮಿತಿ ವಯಸ್ಸಿನದು. ದಶಕಗಳ ಹಿಂದೆ ಬರೆದ ಲೇಖನದಲ್ಲಿ ಆಮೇಲಿನ ಸಂಶೋಧನೆಯನ್ನು ಹುಡುಕುವಂತಿಲ್ಲ. ಕರ್ನಾಟಕ ಜ್ಞಾನ ಆಯೋಗದ ಮುತುವರ್ಜಿಯಿಂದ ಬಂದ ‘ಕಣಜ’ವೂ ಒಳ್ಳೆಯ ಕನ್ನಡ ಬರಹಗಳನ್ನು ಒಂದೆಡೆ ತಂದಿತು. ಇವುಗಳ ಪಕ್ಕದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಯೂಟ್ಯೂಬ್ ಪಾಠಗಳ ರಾಶಿಯಿದೆ. ಅಲ್ಲಿ ಭಾಷೆ ಸಲೀಸು, ಆದರೆ ಇತಿಹಾಸವೆಲ್ಲ ಇಸವಿ ಮತ್ತು ಒಂದು ಸಾಲಿನ ಉತ್ತರಕ್ಕೆ ಇಳಿಯುತ್ತದೆ.

ಇಷ್ಟರಲ್ಲಿ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಜಗತ್ತಿನ ಕಥೆ ಇಂಗ್ಲಿಷಿನಲ್ಲಿದೆ, ಊರಿನ ಕಥೆ ಕನ್ನಡದಲ್ಲಿದೆ. ಎರಡಕ್ಕೂ ನಡುವೆ ಸಂಕವಿಲ್ಲ. 1837ರ ಅಮರ ಸುಳ್ಯ ದಂಗೆಯನ್ನೇ ನೋಡಿ. 1834ರಲ್ಲಿ ಕೊಡಗು ಕಂಪನಿಯ ವಶವಾದ ಮೇಲೆ ಅಮರ ಸುಳ್ಯ, ಪುತ್ತೂರಿನ ಸೀಮೆಗಳು ಕೆನರಾ ಜಿಲ್ಲೆಗೆ ಸೇರಿದವು. ಧಾನ್ಯದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ರೈತರು ಹಣದಲ್ಲಿ ಕೊಡಬೇಕಾಯಿತು. ಬೆಳ್ಳಾರೆಯ ಖಜಾನೆ ವಶಪಡಿಸಿಕೊಂಡು ಹೊರಟವರು ಏಪ್ರಿಲ್ 5ರಂದು ಮಂಗಳೂರು ಹಿಡಿದರು. ಇದನ್ನು ನಾವು ಊರ ಅಭಿಮಾನದ ಕಥೆಯಾಗಿ ಹೇಳುತ್ತೇವೆ, ಅದು ಸರಿಯೇ. ಆದರೆ ಅದೇ 1834ರ ಆಗಸ್ಟಿನಲ್ಲಿ ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದತಿಯ ಕಾಯ್ದೆ ಜಾರಿಗೆ ಬಂತು. ತೋಟದ ಮಾಲೀಕರು ಅಗ್ಗದ ಕೂಲಿಗಾಗಿ ಭಾರತದ ಕಡೆ ತಿರುಗಿದ್ದು, ಹಡಗುಗಳು ಮಾರಿಷಸ್ಸಿಗೆ ಕೂಲಿಗಳನ್ನು ಹೊತ್ತು ಹೊರಟದ್ದು ಆ ದಶಕದಲ್ಲೇ. ರೈತನ ಮೇಲೆ ಬಿದ್ದ ಹಣದ ಕಂದಾಯವೂ ಕೂಲಿಯ ವಲಸೆಯೂ ಒಂದೇ ಸಾಮ್ರಾಜ್ಯದ ಎರಡು ಮುಖಗಳೆಂದು ವಿದ್ಯಾರ್ಥಿಗೆ ತೋರಿಸುವ ಒಂದು ಪುಟ ಕನ್ನಡದಲ್ಲಿ ಬೇಕು.

ಅಂಥ ಕೆಲಸ ಈ ಊರಿಗೆ ಹೊಸದೇನೂ ಅಲ್ಲ. ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಬರೆದರು. ಜಗತ್ತನ್ನು ಕನ್ನಡದ ಮಗುವಿನ ಎದುರಿಗೆ ತಂದಿಡಲು ಅವರು ವಿಶ್ವವಿದ್ಯಾಲಯಕ್ಕಾಗಿ ಕಾಯಲಿಲ್ಲ. ಇವತ್ತು ಸಾಮಗ್ರಿ ಬೆರಳ ತುದಿಯಲ್ಲಿದೆ, ಬರೆಯುವವರು ಕಡಿಮೆ.

ಇಲ್ಲೊಂದು ಅಡ್ಡಿಯನ್ನೂ ಹೇಳಬೇಕು. ರಬ್ಬರ್ ತೋಟದ ಅಜ್ಜಿಯೊಬ್ಬರು ಸಿಲೋನಿನಿಂದ ಬಂದ ದಿನಗಳನ್ನು ಹೇಳಿದರೆ ಅದನ್ನು ನೇರವಾಗಿ ವಿಕಿಪೀಡಿಯಕ್ಕೆ ಸೇರಿಸುವಂತಿಲ್ಲ. ಎಲ್ಲಾದರೂ ಪ್ರಕಟವಾದ ಆಧಾರ ಬೇಕೆನ್ನುವುದು ಅದರ ನಿಯಮ. ಆ ನಿಯಮಕ್ಕೆ ಅದರದೇ ನ್ಯಾಯವಿದೆ, ಆದರೆ ಬರೆದಿಡದವರ ಇತಿಹಾಸ ಅದರಿಂದ ಹೊರಗೇ ಉಳಿಯುತ್ತದೆ. ಆದ್ದರಿಂದ ಕೆಲಸ ಒಂದು ಹೆಜ್ಜೆ ಹಿಂದಿನಿಂದ ಶುರುವಾಗಬೇಕು. ಕಾಲೇಜುಗಳ ಇತಿಹಾಸ ಸಂಘಗಳು ಇಂಥ ನೆನಪುಗಳನ್ನು, ಹೇಳಿದವರ ಒಪ್ಪಿಗೆ ಪಡೆದು, ದಾಖಲಿಸಿ ಸಣ್ಣ ಪುಸ್ತಿಕೆಗಳಾಗಿ ಅಚ್ಚು ಮಾಡಲಿ. ಒಂದು ಪ್ರತಿ ತಾಲೂಕು ಗ್ರಂಥಾಲಯಕ್ಕೆ ಹೋಗಲಿ, ಒಂದು ಪ್ರತಿ ಆನ್‌ಲೈನಿಗೆ ಏರಲಿ. ವಿದ್ವಾಂಸರು ಅದನ್ನು ಓದಿ, ಪರಿಶೀಲಿಸಿ ಬರೆಯತೊಡಗಿದ ಮೇಲೆ ಸುಳ್ಯದ ಈ ಕಥೆಗೂ ವಿಕಿಪೀಡಿಯದ ಬಾಗಿಲು ತೆರೆದೀತು. ಪ್ರಥಮ ಪಿಯುಸಿಯ ಪಾಠದ ಪಕ್ಕದಲ್ಲಿ ಅಂಥ ಒಂದು ಪುಸ್ತಿಕೆ ಇದ್ದರೂ ಸಾಕು, ಜಗತ್ತಿನ ಇತಿಹಾಸ ಪರದೇಶದ ಪಾಠವಾಗಿ ಉಳಿಯುವುದಿಲ್ಲ.