ಹಾಲಿಗೆ ಬೆರೆಸಿದ ಬೇರು

ಗಿರೀಶ್ ಕಾರ್ನಾಡರ ‘ನಾಗಮಂಡಲ’ವನ್ನು ನಾವು ಸಾಮಾನ್ಯವಾಗಿ ಹೆಣ್ಣಿನ ಬಿಡುಗಡೆಯ ಕಥೆಯೆಂದೇ ಓದುತ್ತ ಬಂದಿದ್ದೇವೆ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಹೆಣೆದು ಕಟ್ಟಿದ ನಾಟಕವಿದು. 1997ರಲ್ಲಿ ಟಿ.ಎಸ್. ನಾಗಾಭರಣ ಇದನ್ನು ಸಿನಿಮಾ ಮಾಡಿದರು. ಇದರೊಳಗಿರುವ ಇನ್ನೊಂದು ಪ್ರಶ್ನೆಯನ್ನು ಮಾತ್ರ ನಾವು ಅಷ್ಟಾಗಿ ಎತ್ತಿಲ್ಲ. ಮದ್ದು ಹಾಕಿ ಪಡೆದ ಪ್ರೀತಿ ಪ್ರೀತಿಯೇ?

ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿ, ಬೀಗ ಜಡಿದು ಬೇರೊಬ್ಬಳ ಮನೆಗೆ ಹೋಗುತ್ತಾನೆ. ಮುದುಕಿ ಕುರುಡವ್ವ ರಾಣಿಗೆ ಬೇರು ಕೊಡುತ್ತಾಳೆ. ಅರೆದು ಕುಡಿಸಿದರೆ ಗಂಡ ಸೆರಗು ಬಿಡುವುದಿಲ್ಲವೆಂಬುದು ಅವಳ ಭರವಸೆ. ಕೂಡಿಹಾಕಿದ ಹೆಣ್ಣಿಗೆ ಮಾತಾಡಿ ಒಲಿಸಿಕೊಳ್ಳುವ ದಾರಿಯಾದರೂ ಎಲ್ಲಿದೆ? ಹಾಗಾಗಿ ನಾವೂ ಮರುಕದಿಂದ ಒಪ್ಪಿಬಿಡುತ್ತೇವೆ. ತಾನು ಕುಡಿಯುವ ಹಾಲಿನಲ್ಲಿ ಏನಿದೆಯೆಂದು ಅಪ್ಪಣ್ಣನಿಗೆ ತಿಳಿಯಬೇಡವೇ ಎಂದು ಯಾರೂ ಕೇಳುವುದಿಲ್ಲ.

ಮೊದಲ ಬೇರಿಗೆ ಅವನು ತಲೆಸುತ್ತಿ ಬೀಳುತ್ತಾನೆ, ಒಲಿಯುವುದಿಲ್ಲ. ಎರಡನೆಯದು ಅಡುಗೆಯನ್ನು ಕೆಂಪಾಗಿಸಿದಾಗ ರಾಣಿ ಬೆಚ್ಚುತ್ತಾಳೆ. ತಾನು ಮಾಡಹೊರಟಿದ್ದು ತಪ್ಪೆಂದು ಅವಳಿಗೇ ಅನ್ನಿಸಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ನಮ್ಮ ಮಟ್ಟಿಗೆ ನಾಟಕದ ಅತ್ಯಂತ ಎತ್ತರದ ಗಳಿಗೆ ಇದೇ.

ಹುತ್ತದ ನಾಗ ಆ ಮದ್ದು ಕುಡಿದು ಮರುಳಾಗಿ, ಅಪ್ಪಣ್ಣನ ರೂಪದಲ್ಲಿ ರಾತ್ರಿ ಬರುತ್ತಾನೆ. ಅವನನ್ನೂ ಯಾರೂ ಕೇಳಿರಲಿಲ್ಲ. ಅವನೂ ರಾಣಿಯನ್ನು ಕೇಳಲಿಲ್ಲ. ಅವಳು ಒಪ್ಪಿದ್ದು ಗಂಡನನ್ನು. ಗಂಡನೆಂದು ನಂಬಿಸಿ ಪಡೆದ ಒಪ್ಪಿಗೆಯನ್ನು ಹಳೆಯ ದಂಡಸಂಹಿತೆಯ 375ನೇ ಕಲಮು ಒಪ್ಪಿಗೆಯೆಂದು ಎಣಿಸುತ್ತಿರಲಿಲ್ಲ. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮೂ ಅದನ್ನು ಅತ್ಯಾಚಾರವೆಂದೇ ಕರೆಯುತ್ತದೆ. ಜನಪದ ಕಥೆಯನ್ನು ಕಟಕಟೆಗೆ ಎಳೆಯುವುದು ನಮ್ಮ ಉದ್ದೇಶವಲ್ಲ. ಆ ರಾತ್ರಿಗಳಲ್ಲಿ ರಾಣಿ ಸುಖ ಕಂಡಳೆಂಬುದೂ ನಿಜ. ಆದರೂ ಕಡೆಗೆ ಪಂಚರ ಮುಂದೆ ಹಾವು ಹಿಡಿದು ಪ್ರಮಾಣ ಮಾಡಬೇಕಾದವಳು ಅವಳೊಬ್ಬಳೇ. ವೇಷ ಮರೆಸಿ ಬಂದವನನ್ನಾಗಲಿ, ಬೀಗ ಜಡಿದವನನ್ನಾಗಲಿ ಊರು ಪ್ರಶ್ನಿಸುವುದಿಲ್ಲ.

ಇದು ರಂಗದ ಮೇಲಷ್ಟೇ ನಡೆಯುವ ಮಾತಲ್ಲ. ‘ಸ್ತ್ರೀ ಪುರುಷ ವಶೀಕರಣ’ದ ಜಾಹೀರಾತುಗಳನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿ ಪಂಡಿತರೂ ಇದ್ದಾರೆ, ಬಾಬಾಗಳೂ ಇದ್ದಾರೆ. ಯಂತ್ರ ಮಾರುವವರ ಪಕ್ಕದಲ್ಲೇ ತಾಯಿತ ಕಟ್ಟುವವರೂ ಕುಳಿತಿದ್ದಾರೆ. ಈ ವಿಷಯದಲ್ಲಿ ಯಾವ ಸಮುದಾಯವೂ ಇನ್ನೊಂದರತ್ತ ಬೆರಳು ತೋರುವಂತಿಲ್ಲ. ಮಾಟಮಂತ್ರದ ವಿರುದ್ಧ ರಾಜ್ಯದ 2017ರ ಕಾಯ್ದೆ 2020ರಲ್ಲಿ ಜಾರಿಗೂ ಬಂದಿದೆ. ಆದರೆ ಗಿರಾಕಿಯ ಮನಸ್ಸನ್ನು ಕಾಯ್ದೆ ತಿದ್ದಲಾರದು. ಮಂತ್ರಕ್ಕೆ ಶಕ್ತಿಯಿದೆಯೇ ಎಂಬ ಚರ್ಚೆ ಹಾಗಿರಲಿ. ‘ಒಲ್ಲೆ’ ಎಂದವರನ್ನು ಹೇಗಾದರೂ ಬಗ್ಗಿಸಬೇಕೆಂಬ ಹಟ ಹಣ ಕೊಟ್ಟು ತಾಯಿತ ಕೊಳ್ಳುತ್ತದಲ್ಲ, ನಮ್ಮ ಚಿಂತೆ ಅದರ ಬಗ್ಗೆ. ತಾಯಿತ ಸೋತ ಮೇಲೆ ಆ ಹಟ ಇನ್ನೇನನ್ನು ಕೈಗೆತ್ತಿಕೊಂಡೀತು?

ರಾಣಿಗೆ ಬೇರು ಕೊಡಲು ಊರಿನಲ್ಲಿ ಒಬ್ಬ ಕುರುಡವ್ವನಿದ್ದಳು. ಬೀಗ ತೆಗೆಸುವವರು ಒಬ್ಬರಿದ್ದಿದ್ದರೂ ಬೇರು ಬೇಕಾಗುತ್ತಿರಲಿಲ್ಲ.