ಮಿದುಳುಕಾಂಡದ ರಕ್ತನಾಳಗಳ ಎಣಿಕೆ

ಉಸಿರಾಟ, ಹೃದಯದ ಬಡಿತ, ನುಂಗುವಿಕೆ, ಎಚ್ಚರ ಇವುಗಳನ್ನೆಲ್ಲ ನಿಯಂತ್ರಿಸುವ ಮಿದುಳುಕಾಂಡ ಗಾತ್ರದಲ್ಲಿ ಚಿಕ್ಕದು. ಕುತ್ತಿಗೆಯ ಎರಡು ವರ್ಟಿಬ್ರಲ್ ಅಪಧಮನಿಗಳು ಕೂಡಿ ಬೇಸಿಲಾರ್ ಅಪಧಮನಿಯಾಗುತ್ತವೆ. ಈ ನಾಳಗಳಿಂದ ಹೊರಟ ಸಣ್ಣ ಕವಲುಗಳೇ ಮಿದುಳುಕಾಂಡಕ್ಕೆ ರಕ್ತ ಒದಗಿಸುತ್ತವೆ. ನರಕೋಶಗಳು ಗುಂಪುಗೂಡಿದ ಕಡೆ ನಾಳಗಳು ದಟ್ಟ, ನರತಂತುಗಳು ಹಾಯುವ ಕಡೆ ವಿರಳ. ಹೀಗಾಗಿ ಇಡೀ ಕಾಂಡಕ್ಕೆ ಒಂದೇ ಸರಾಸರಿ ಕೊಡುವ ಅಧ್ಯಯನದಿಂದ ಹೆಚ್ಚೇನೂ ತಿಳಿಯುವುದಿಲ್ಲ.

ವಯಸ್ಸಿನೊಂದಿಗೆ ಈ ದಟ್ಟಣೆ ಹೇಗೆ ಬದಲಾಗುತ್ತದೆಂದು ಅರಿಯಲು, ಮೃತರ ಮಿದುಳನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಕೂರಿಸಿ, ಕೆಲವೇ ಮೈಕ್ರಾನ್ ದಪ್ಪದ ಸೀಳುಗಳಾಗಿ ಕತ್ತರಿಸಿ, ಬಣ್ಣ ಹಾಕಿ ಎಣಿಸುವುದು ರೂಢಿ. ತೊಡಕು ಶುರುವಾಗುವುದು ಬಣ್ಣದಿಂದಲೇ. ಸಿಡಿ34 ಬಣ್ಣ ಹಿಡಿಯುವುದು ನಾಳದ ಒಳಪದರದ ಜೀವಕೋಶಗಳನ್ನು. ಕೊಲ್ಲಾಜನ್-4 ಬಣ್ಣ ಹಿಡಿಯುವುದು ಹೊರಗಿನ ಪೊರೆಯನ್ನು. ಮುಪ್ಪಿನಲ್ಲಿ ಕೆಲವು ಲೋಮನಾಳಗಳ ಜೀವಕೋಶಗಳು ಸತ್ತು, ರಕ್ತ ಹರಿಯದ ಪೊರೆಯ ಎಳೆ ಮಾತ್ರ ಉಳಿಯುತ್ತದೆ. ಎರಡನೆಯ ಬಣ್ಣ ಅದನ್ನೂ ನಾಳವೆಂದೇ ತೋರಿಸುತ್ತದೆ, ಮೊದಲನೆಯದು ತೋರಿಸುವುದಿಲ್ಲ. ಒಂದೇ ಮಿದುಳು, ಎರಡು ಲೆಕ್ಕ.

ಇದಕ್ಕಿಂತ ದೊಡ್ಡ ದೋಷ ಭಾಗಾಕಾರದಲ್ಲಿದೆ. ಚದರ ಮಿಲಿಮೀಟರಿಗೆ ಇಷ್ಟು ನಾಳ ಎಂದಾಗ ಅಂಗಾಂಶವೇ ಕುಗ್ಗಿದ್ದರೆ ಹೊಸದೊಂದು ನಾಳ ಹುಟ್ಟದೆಯೂ ಸಂಖ್ಯೆ ಏರುತ್ತದೆ. ಮಕ್ಕಳಲ್ಲಿ ನರತಂತುಗಳಿಗೆ ಮಯಲಿನ್ ಕವಚ ಬೆಳೆದು ನಾಳಗಳ ನಡುವಿನ ಅಂತರ ಹಿಗ್ಗುವಾಗ ಇದರ ತದ್ವಿರುದ್ಧವೂ ಆಗಬಹುದು. ಅಂಗಾಂಶದ ಒಟ್ಟು ಗಾತ್ರ ಮತ್ತು ನಾಳಗಳ ಒಟ್ಟು ಉದ್ದವನ್ನು ಅಂದಾಜಿಸುವ ಸ್ಟೀರಿಯಾಲಜಿ ಹೆಚ್ಚು ಶ್ರಮದ್ದು, ಆದರೆ ನಂಬಬಹುದಾದದ್ದು ಅದೇ.

ವಿಧಾನ ಸರಿಯಿದ್ದರಷ್ಟೇ ಸಾಲದು, ಎಣಿಸುವ ಮಿದುಳುಗಳು ಯಾರವು ಎಂಬುದೂ ಮುಖ್ಯ. ಮಿದುಳುಗಳ ಸ್ಥಳೀಯ ಸಂಗ್ರಹ ಏಕೆ ಬೇಕೆಂಬುದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಸಾಕ್ಷಿ. ಅಲ್ಲಿ 1995ರಲ್ಲಿ ಮಿದುಳು ಬ್ಯಾಂಕ್ ಆರಂಭವಾಯಿತು. ಮಿದುಳುಕಾಂಡದ ಮೇಲ್ಭಾಗದಲ್ಲಿರುವ ಸಬ್‌ಸ್ಟಾನ್ಷಿಯಾ ನೈಗ್ರಾದ ನರಕೋಶಗಳು ದಶಕಕ್ಕೆ ಸುಮಾರು ಶೇ 4.7ರಷ್ಟು ಕ್ಷೀಣಿಸುತ್ತವೆಂದು 1991ರಲ್ಲಿ ಬ್ರಿಟನ್‌ನ ಅಧ್ಯಯನ ಹೇಳಿತ್ತು. ನಿಮ್ಹಾನ್ಸ್ ಸಂಶೋಧಕರು 2009ರಲ್ಲಿ ಭಾರತೀಯರ ಮಿದುಳುಗಳಲ್ಲಿ ಅಂಥ ಗಣನೀಯ ನಷ್ಟ ಕಾಣಲಿಲ್ಲವೆಂದು ವರದಿ ಮಾಡಿದರು. ನರಕೋಶಗಳಲ್ಲೇ ಇಷ್ಟು ಅಂತರವಿರುವಾಗ, ರಕ್ತನಾಳಗಳ ವಿಷಯದಲ್ಲಿ ಹೊರಗಿನ ಕೋಷ್ಟಕಗಳನ್ನು ಹಾಗೆಯೇ ಎರವಲು ತರುವುದು ಒಪ್ಪತಕ್ಕದ್ದಲ್ಲ.

ಸಂಗ್ರಹಕ್ಕೂ ಮಿತಿಯಿದೆ. ಸಾವಿನ ನಂತರ ಗಂಟೆ ಕಳೆದಂತೆ ಅಂಗಾಂಶ ಕೆಡುತ್ತದೆ. ಗೋವಿನಕೋವಿಯಂಥ ದೂರದ ಹಳ್ಳಿಯಲ್ಲಿ ತುಂಬು ವಯಸ್ಸಿಗೆ ತೀರಿಕೊಂಡವರ ಮಿದುಳು ಸಕಾಲಕ್ಕೆ ಬೆಂಗಳೂರು ಸೇರುವುದು ಕಷ್ಟ. ಹಳ್ಳಿಯ ಹಿರಿಯರ ಮಿದುಳು ಸೇರದ ಎಣಿಕೆಯನ್ನು ಕರ್ನಾಟಕದ ಎಣಿಕೆ ಎನ್ನಲಾಗದು. ಜಿಲ್ಲಾಮಟ್ಟದ ವೈದ್ಯಕೀಯ ಕಾಲೇಜುಗಳಲ್ಲೇ ಮಿದುಳುದಾನ ಸ್ವೀಕರಿಸಿ ಸಂರಕ್ಷಿಸುವ ವ್ಯವಸ್ಥೆ ಆಗಬೇಕು.