‘ಕಾಯು’: ಒಂದು ರೂಪ, ಎರಡು ಬೇರು

ಹುಡುಗ ದನ ಕಾಯುತ್ತಾನೆ. ಪ್ರಯಾಣಿಕ ಬಸ್ಸಿಗೆ ಕಾಯುತ್ತಾನೆ. ಒಲೆಯ ಮೇಲೆ ನೀರು ಕಾಯುತ್ತದೆ. ಈ ಮೂರು ಪ್ರಯೋಗಗಳನ್ನು ಒಂದೇ ಬೇರಿಗೆ ಕಟ್ಟುವ ವಿವರಣೆ ಸುಲಭವಾಗಿ ಹೊಳೆಯುತ್ತದೆ: ಕಾಯುವವನ ಮನಸ್ಸು ಕುದಿಯುವುದರಿಂದ ನಿರೀಕ್ಷೆಯೂ ತಾಪವೂ ಒಂದೇ ಪದದಲ್ಲಿ ಸೇರಿವೆ ಎಂಬುದು ಅದರ ತಿರುಳು. ವಿವರಣೆ ಸೊಗಸಾಗಿದ್ದರೂ ಭಾಷೆಯ ಸಾಕ್ಷ್ಯ ಅದಕ್ಕೆ ವಿರುದ್ಧವಾಗಿದೆ.

ಮೊದಲು ವಿಭಕ್ತಿಯನ್ನು ಗಮನಿಸಬೇಕು. ‘ಮಗುವನ್ನು ಕಾಯು’ ಎಂದಾಗ ರಕ್ಷಣೆ, ‘ಮಗುವಿಗೆ ಕಾಯು’ ಎಂದಾಗ ನಿರೀಕ್ಷೆ. ಇವೆರಡರ ನಡುವಿನ ಕೊಂಡಿ ‘ದಾರಿ ಕಾಯು’ ಎಂಬ ಪ್ರಯೋಗದಲ್ಲಿದೆ. ದಾರಿಯ ಮೇಲೆ ಕಣ್ಣಿಟ್ಟು ನಿಂತವನು ಕಾವಲುಗಾರನಾಗಿರಬಹುದು, ಬರುವವರನ್ನು ಎದುರುನೋಡುವವನೂ ಆಗಿರಬಹುದು. ತಮಿಳಿನಲ್ಲಿಯೂ ರಕ್ಷಿಸುವ ಅರ್ಥದ ‘ಕಾ’ ಧಾತುವಿನಿಂದಲೇ ನಿರೀಕ್ಷೆಯ ‘ಕಾತ್ತಿರು’ ಹುಟ್ಟಿದೆ. ಆದ್ದರಿಂದ ಈ ಎರಡು ಅರ್ಥಗಳು ಒಂದೇ ಪದದ ವಿಸ್ತಾರ.

ನೀರು ಕಾಯುವ ಮಾತು ಬೇರೆ. ತಮಿಳಿನಲ್ಲಿ ರಕ್ಷಣೆಯ ‘ಕಾ’ ಭೂತಕಾಲದಲ್ಲಿ ‘ಕಾತ್ತಾನ್’ ಆದರೆ, ಬಿಸಿಯಾಗುವ, ಒಣಗುವ ಅರ್ಥದ ‘ಕಾಯ್’ ಧಾತು ‘ಕಾಯ್ಂದಾನ್’ ಆಗುತ್ತದೆ. ತೆಲುಗಿನಲ್ಲಿ ನೀರು ಬಿಸಿಯಾಗುವುದಕ್ಕೆ ‘ಕಾಗು’ ಎಂಬ ರೂಪವಿದೆ. ಕನ್ನಡದ ನಾಮರೂಪಗಳೂ ಈ ಭೇದವನ್ನು ಉಳಿಸಿಕೊಂಡಿವೆ: ಮೊದಲನೆಯದರಿಂದ ‘ಕಾಪು’, ‘ಕಾವಲು’, ಎರಡನೆಯದರಿಂದ ‘ಕಾವು’. 1961ರಲ್ಲಿ ಪ್ರಕಟವಾಗಿ 1984ರಲ್ಲಿ ಪರಿಷ್ಕೃತಗೊಂಡ ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿಕೋಶ ಇವನ್ನು ಬೇರೆ ಬೇರೆ ನಮೂದುಗಳಲ್ಲಿ ಇಟ್ಟಿರುವುದು ಸಕಾರಣವಾಗಿದೆ.

ಆದರೆ ಇಂದಿನ ಕನ್ನಡದ ಕ್ರಿಯಾರೂಪಗಳು ಈ ಗಡಿಯನ್ನು ಬಹುಮಟ್ಟಿಗೆ ಅಳಿಸಿವೆ. ‘ಕಾದ ಹಾಲು’, ‘ಕಾದ ಪ್ರಯಾಣಿಕ’ ಎಂಬಲ್ಲಿ ಕೃದಂತ ಒಂದೇ. ‘ಹಾಲನ್ನು ಕಾಯಿಸು’, ‘ಅತಿಥಿಗಳನ್ನು ಕಾಯಿಸು’ ಎಂಬಲ್ಲಿ ಪ್ರೇರಣಾರೂಪವೂ ವಿಭಕ್ತಿಯೂ ಒಂದೇ. ಅರ್ಥವನ್ನು ನಿರ್ಣಯಿಸುವುದು ಕರ್ಮಪದ ಮಾತ್ರ. ಹೋರಾಡುವ ಅರ್ಥದ ‘ಕಾದು’ ಧಾತು ಮಾತ್ರ ‘ಕಾದಿದ’ ಎಂಬ ರೂಪದಿಂದ ಪ್ರತ್ಯೇಕವಾಗಿ ಗುರುತಿಗೆ ಸಿಗುತ್ತದೆ.

ರೂಪಸಾಮ್ಯ ಎಷ್ಟು ದಾರಿತಪ್ಪಿಸಬಲ್ಲದು ಎಂಬುದಕ್ಕೆ ‘ಕಾಯ್ದೆ’ ತಕ್ಕ ನಿದರ್ಶನ. ಜನರನ್ನು ಕಾಯುವುದರಿಂದ ಕಾನೂನಿಗೆ ಆ ಹೆಸರು ಬಂತೆಂದು ಯಾರಾದರೂ ಹೇಳಿದರೆ ನಂಬಬೇಕೆನಿಸುತ್ತದೆ. ಅದು ಅರಬ್ಬಿ ಮೂಲದ ‘ಕಾಇದಾ’. ‘ನಾನು ಕಾಯ್ದೆ’ ಎಂಬ ಕ್ರಿಯಾಪದದೊಡನೆ ಅದಕ್ಕೆ ಸಂಬಂಧವಿಲ್ಲ. ‘ಕಾಯಕ’ದ ಮೂಲವೂ ಸಂಸ್ಕೃತದ ‘ಕಾಯ’, ಅಂದರೆ ದೇಹ.

ಈ ಚರ್ಚೆಯ ಪರಿಣಾಮ ಕೋಶರಚನೆಯ ಮೇಲಾಗುತ್ತದೆ. ‘ಕಾಯು’ ಎಂಬ ಒಂದೇ ಶೀರ್ಷಿಕೆಯಡಿ ಅರ್ಥಗಳನ್ನು ಸಾಲಾಗಿ ಪೇರಿಸಿದರೆ, ಕನ್ನಡ ಕಲಿಯುವವರಿಗಾಗಲಿ ಪದವಿಶ್ಲೇಷಣೆಯ ತಂತ್ರಾಂಶಕ್ಕಾಗಲಿ ಅನೇಕಾರ್ಥ ಯಾವುದು, ಸಮರೂಪತೆ ಯಾವುದು ಎಂಬುದು ತಿಳಿಯದು. ಎರಡು ನಮೂದುಗಳಿರಬೇಕು, ಪ್ರತಿಯೊಂದರಲ್ಲೂ ವಿಭಕ್ತಿ, ಸಕರ್ಮಕತೆ ಮತ್ತು ನಾಮರೂಪಗಳ ಸೂಚನೆಯಿರಬೇಕು. ಸೊಗಸಾದ ವ್ಯುತ್ಪತ್ತಿಗೆ ಮರುಳಾಗುವ ಮುನ್ನ ಸೋದರ ಭಾಷೆಗಳ ಸಾಕ್ಷ್ಯವನ್ನು ಕೇಳುವುದು ಕೋಶಕಾರನ ಮೊದಲ ಹೊಣೆ.